ಬಾಡಿಗೆಯೋ ಬಡ್ಡಿಯೋ ಅನ್ನುವ ಮೊದಲು

ಮಗಾ, ಬರ್ಮಿಂಗ್‌ಹ್ಯಾಮಿನಲ್ಲಿ ಮನೆ ಕೊಳ್ಳಲು ಹೊರಟಿದ್ದೀಯ. ಬಡ್ಡಿ ಮುಟ್ಟುವುದಿಲ್ಲ ಅನ್ನುವ ಹಟ ನಿನ್ನದು. ‘ಬಾಡಿಗೆ ಅಂತ ಹೆಸರಿಟ್ಟರೆ ಬಡ್ಡಿ ಹಲಾಲ್ ಆಗುತ್ತದಾ?’ ಅನ್ನುವ ಕುಹಕ ನಿನ್ನ ಗೆಳೆಯರದು. ಕರಾರುಪತ್ರವನ್ನು ನೀವ್ಯಾರೂ ಓದಿಲ್ಲ ಅಂತ ನನ್ನ ಗುಮಾನಿ.

ಲೆಕ್ಕ ಹೀಗೆ. ನಿನ್ನ ಒಂದು ಪಾಲಿಗೆ ಇಸ್ಲಾಮಿಕ್ ಬ್ಯಾಂಕ್ ನಾಲ್ಕು ಪಾಲು ಸೇರಿಸಿ ಮನೆ ಕೊಳ್ಳುತ್ತದೆ ಅನ್ನು. ಅದರ ಪಾಲಿಗೆ ನೀನು ಬಾಡಿಗೆ ಕೊಡುತ್ತಾ, ಆ ಪಾಲನ್ನೇ ತಿಂಗಳು ತಿಂಗಳು ಚೂರುಚೂರಾಗಿ ಕೊಳ್ಳುತ್ತಾ ಹೋಗುತ್ತೀಯ. ಸಾಲವನ್ನಷ್ಟೇ ಬಲ್ಲ ಬ್ರಿಟನ್ನಿನ ಕಾನೂನು ಇದನ್ನು ಎರಡು ಮಾರಾಟವೆಂದು ಕಂಡಿತು. ಬ್ಯಾಂಕ್ ಕೊಂಡಾಗ ಒಮ್ಮೆ, ನಿನಗೆ ಮಾರಿದಾಗ ಮತ್ತೊಮ್ಮೆ ಸ್ಟ್ಯಾಂಪ್ ಡ್ಯೂಟಿ! 2003ರ ಹಣಕಾಸು ಕಾಯ್ದೆ ಬಂದ ಮೇಲೆ ಆ ಹೊರೆ ಇಳಿಯಿತು.

ಕಂತು ಪಕ್ಕದ ಬ್ಯಾಂಕಿಗಿಂತ ಹೆಚ್ಚು ಕಂಡರೆ ಮೋಸವೆಂದು ಎದ್ದು ಬರಬೇಡ. ಬೇರೆ ಬ್ಯಾಂಕುಗಳು ಮಿಕ್ಕ ಹಣವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿಟ್ಟು ಬಡ್ಡಿ ಎಣಿಸುತ್ತವೆ. ಇಸ್ಲಾಮಿಕ್ ಬ್ಯಾಂಕುಗಳಿಗೆ ಒಗ್ಗುವ ಬಡ್ಡಿಯಿಲ್ಲದ ಏರ್ಪಾಡು ಅಲ್ಲಿ ಶುರುವಾದದ್ದು 2021ರ ಕೊನೆಗೆ. ಗಿರಾಕಿಗಳೂ ಕಡಿಮೆ. ಎಚ್‌ಎಸ್‌ಬಿಸಿಯಂಥ ಆನೆಯೇ 2012ರಲ್ಲಿ ಬ್ರಿಟನ್ನಿನ ತನ್ನ ಇಸ್ಲಾಮಿಕ್ ಬ್ಯಾಂಕಿಂಗ್ ಅಂಗಡಿ ಅಮಾನಾವನ್ನು ಮುಚ್ಚುವುದಾಗಿ ಹೇಳಿತು. ನೀನು ಕೇಳಬೇಕಾದ್ದು ಬೇರೆ: ಬಾಡಿಗೆ ಯಾವ ದರ ನೋಡಿಕೊಂಡು ಏರುತ್ತದೆ? ವಿಮೆ ಯಾರು ಕಟ್ಟಬೇಕು? ಕಂತು ತಪ್ಪಿದರೆ ನೀನು ಕೊಂಡ ಚೂರುಗಳ ಗತಿ ಏನು? ಕೇಳಲು ನಾಚಿಕೆ ಬೇಡ. ದೀನಿನ ಹೆಸರು ಬೋರ್ಡಿನ ಮೇಲಿದೆ ಅಂತ ಬಾಯಿ ಕಟ್ಟಿಕೊಂಡು ಸಹಿ ಹಾಕಿದವರನ್ನು ನೋಡಿದ್ದೇನೆ.

ಇಂಥ ಬ್ಯಾಂಕಿನಲ್ಲಿ ಇಡುವ ಠೇವಣಿಯ ಕಥೆ ಇನ್ನೂ ಗಹನ. ಈಗ ಅಲ್ ರಯಾನ್ ಅನ್ನುತ್ತಾರಲ್ಲ, ಅದು 2004ರಲ್ಲಿ ಇಸ್ಲಾಮಿಕ್ ಬ್ಯಾಂಕ್ ಆಫ್ ಬ್ರಿಟನ್ ಆಗಿ ಹುಟ್ಟುವಾಗಲೇ ತೊಡಕೆದ್ದಿತ್ತು. ಲಾಭದಲ್ಲಿ ಪಾಲು ಬೇಕಾದವನು ನಷ್ಟಕ್ಕೂ ಹೆಗಲು ಕೊಡಬೇಕು ಅನ್ನುತ್ತದೆ ಮುದಾರಬಾ ಎಂಬ ಇಸ್ಲಾಮಿ ಪಾಲುದಾರಿಕೆಯ ಕರಾರು. ಠೇವಣಿ ಅಂದಮೇಲೆ ಅಸಲು ಪೂರ್ತಿ ವಾಪಸು ಬರಲೇಬೇಕು ಅನ್ನುತ್ತದೆ ಬ್ರಿಟನ್ನಿನ ಕಾನೂನು. ಕೊನೆಗೆ ಒಂದು ಹಾದಿ ಹುಡುಕಿದರು: ನಷ್ಟವನ್ನು ಬ್ಯಾಂಕ್ ತುಂಬಿಕೊಡುವುದು, ಧರ್ಮಕ್ಕೆ ಒಪ್ಪದು ಅನ್ನಿಸಿದರೆ ಗಿರಾಕಿ ‘ಬೇಡ’ ಅನ್ನಬಹುದು.

‘ನಾನಂತೂ ಬೇಡ ಅನ್ನುವವನೇ’ ಎಂದು ಆಗ ಮಸೀದಿಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಹೇಳಿದ್ದೆ. ಇಷ್ಟು ವರ್ಷದಲ್ಲಿ ನನ್ನ ಖಾತೆಗೆ ನಷ್ಟ ಬರಲೇ ಇಲ್ಲ. ಬಂದಿದ್ದರೆ ಏನನ್ನುತ್ತಿದ್ದೆನೋ, ಅಲ್ಲಾಹನೇ ಬಲ್ಲ.