ಆಟದ ಅಳತೆ

ಕನ್ನಡದಲ್ಲಿ 'ಆಟ' ಎಂಬ ಮಾತಿಗೆ ವಿಶಾಲವಾದ ಮನೆಯುಂಟು. ಮಕ್ಕಳು ಓಣಿಯಲ್ಲಿ ಆಡುವ ಚಿಣಿಫಣಿಯೂ ಆಟವೇ. ಮುದುಕರು ಕಟ್ಟೆಯ ಮೇಲೆ ಹಾಸುವ ಪಗಡಿಯೂ ಆಟವೇ. ಗುಡಿಯ ಮುಂದೆ ರಾತ್ರಿಯಿಡೀ ಬಣ್ಣ ಹಚ್ಚಿಕೊಂಡು ಕುಣಿಯುವ ದೊಡ್ಡಾಟ, ಸಣ್ಣಾಟಗಳೂ ಆಟಗಳೇ. ಚಿತ್ರಮಂದಿರದವರು ಸಹ 'ಮೊದಲನೆಯ ಆಟ', 'ಎರಡನೆಯ ಆಟ' ಎಂದು ಬರೆಯಿಸುತ್ತಿದ್ದರು. ಆದ್ದರಿಂದ ಬಾಗಲಕೋಟೆಯ ನಮ್ಮ ಮನೆಯಲ್ಲಿ ಒಂದು ಸಂಜೆ ಮೊಮ್ಮಗನು ಗಣಕಯಂತ್ರದ ಮುಂದಿನಿಂದ ಏಳದೆ, "ಅಜ್ಜಾ, ಇದು ಐವತ್ತು ತಾಸಿನ ಆಟ" ಎಂದಾಗ ನನಗೆ ಬಯಲಾಟದ ನೆನಪು ಬಂದುದು ಸಹಜ. ಎಷ್ಟೇ ಉದ್ದದ ಬಯಲಾಟವಾದರೂ ಕೋಳಿ ಕೂಗುವ ಹೊತ್ತಿಗೆ ಮುಗಿಯಲೇಬೇಕು. ಐವತ್ತು ತಾಸಿನ ಆಟವನ್ನು ನಾನು ಕಂಡಿರಲಿಲ್ಲ.

ಅವನು ಆಡುತ್ತಿದ್ದುದು ವಿಡಿಯೋ ಗೇಮ್. ಪೋಲೆಂಡ್ ದೇಶದವರು 2015ರಲ್ಲಿ ಹೊರತಂದ 'ದಿ ವಿಚರ್ 3' ಎಂಬ ಆ ಆಟದಲ್ಲಿ ಮುಖ್ಯ ಕಥೆಯೊಂದಕ್ಕೇ ಸುಮಾರು ಐವತ್ತು ತಾಸು ಬೇಕಂತೆ; ಉಪಕಥೆಗಳನ್ನೆಲ್ಲ ಆಡಿದರೆ ನೂರನ್ನೂ ಮೀರುವುದಂತೆ. ಹಿಂದಿನ ತಿಂಗಳು ಅವನು ತರಿಸಿಕೊಂಡ ಇನ್ನೊಂದು ಆಟವು ಎರಡು ತಾಸಿಗೆ ಮುಗಿದುಹೋಗಿತ್ತು. "ರೊಕ್ಕ ಹಾಳಾಯಿತು" ಎಂದು ಅವನು ಬೇಸರಪಟ್ಟುಕೊಂಡಿದ್ದನು. ಇಳಕಲ್ಲಿನ ಸೀರೆಯನ್ನು ಮೊಳದಿಂದ ಅಳೆಯಬಹುದು. ಕಥೆಯನ್ನು ಹಾಗೆ ಅಳೆಯಬಹುದೇ? ಉದ್ದವಾದುದರಿಂದ ಆಟದ ಸವಿ ಹೆಚ್ಚುವುದೇ, ತೆಳುವಾಗುವುದೇ? ಈ ಪ್ರಶ್ನೆ ಹೊಸದಲ್ಲ. ನಮ್ಮ ಸೀಮೆಯ ಆಟಗಾರರು ಇದನ್ನು ಬಹಳ ಹಿಂದೆಯೇ ಎದುರಿಸಿದವರು.

ಮುಧೋಳ, ಲೋಕಾಪುರ, ಗೋಕಾಕಗಳ ಸುತ್ತಿನಲ್ಲಿ ಬೆಳೆದುಬಂದ 'ಶ್ರೀಕೃಷ್ಣ ಪಾರಿಜಾತ'ವನ್ನೇ ನೋಡಿರಿ. ಅಪರಾಳ ತಮ್ಮಣ್ಣನು ಇದನ್ನು ರಚಿಸಿದನೆಂದೂ ಕುಲಗೋಡ ತಮ್ಮಣ್ಣನು ಇದಕ್ಕೆ ರಂಗರೂಪ ಕೊಟ್ಟನೆಂದೂ ಹೇಳುತ್ತಾರೆ. ಮುಂದೆ ಕೌಜಲಗಿ ನಿಂಗಮ್ಮನವರಂಥ ಕಲಾವಿದರಿಂದ ಇದರ ಹೆಸರು ದೂರದೂರಕ್ಕೆ ಹಬ್ಬಿತು. ಇದರ ಕಥೆಯೋ ಒಂದು ಉಸಿರಿನಲ್ಲಿ ಹೇಳುವಷ್ಟು ಚಿಕ್ಕದು. ನಾರದನು ದೇವಲೋಕದಿಂದ ಒಂದು ಪಾರಿಜಾತದ ಹೂವನ್ನು ತರುತ್ತಾನೆ. ಕೃಷ್ಣನು ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿಯನ್ನು ಕೇಳಿ ಸತ್ಯಭಾಮೆಯು ಮುನಿಯುತ್ತಾಳೆ. ಕೃಷ್ಣನು ಅವಳ ಮುನಿಸನ್ನು ತಿಳಿಸಬೇಕಾಗುತ್ತದೆ. ಇಷ್ಟೇ. ಯುದ್ಧವಿಲ್ಲ, ವಧೆಯಿಲ್ಲ, ರಾಕ್ಷಸರ ಅಬ್ಬರವಿಲ್ಲ. ಪಾತ್ರಗಳೂ ಬೆರಳೆಣಿಕೆಯವು. ಆದರೂ ರಾತ್ರಿ ಊಟವಾದ ಮೇಲೆ ಆರಂಭವಾದ ಆಟವು ಪೂರ್ವದಲ್ಲಿ ಬೆಳಕು ಹರಿಯುವವರೆಗೂ ನಡೆಯುತ್ತಿತ್ತು.

ಇಷ್ಟು ಚಿಕ್ಕ ಕಥೆಯಿಂದ ಅಷ್ಟು ದೊಡ್ಡ ರಾತ್ರಿ ಹೇಗೆ ತುಂಬಿತು? ಒಂದು ಕಾರಣ ಬದುಕಿನದು. ನೆರೆಯ ಹಳ್ಳಿಗಳಿಂದ ಚಕ್ಕಡಿ ಹೂಡಿಕೊಂಡು ಬಂದವರು ನಟ್ಟಿರುಳಿನಲ್ಲಿ ಹಿಂದಿರುಗುವಂತಿರಲಿಲ್ಲ. ಸುಗ್ಗಿ ಮುಗಿದಿರುತ್ತಿತ್ತು, ಮರುದಿನದ ಅವಸರವಿರಲಿಲ್ಲ. ನಡುವೆ ನಿದ್ದೆ ಬಂದರೆ ಕಂಬಳಿಯ ಮೇಲೆ ಅಡ್ಡಾಗಿ, ಹಾಡು ಏರಿದಾಗ ಎದ್ದು ಕುಳಿತರಾಯಿತು. ಕಥೆ ಎಲ್ಲರಿಗೂ ಗೊತ್ತಿದ್ದುದೇ. ಮುಂದೇನಾಗುವುದು ಎಂಬ ಕುತೂಹಲದಿಂದ ಅಲ್ಲಿ ಯಾರೂ ಕುಳಿತಿರುತ್ತಿರಲಿಲ್ಲ. ಗೊತ್ತಿದ್ದ ಸಂಗತಿಯು ಈ ರಾತ್ರಿ, ಈ ಮೇಳದವರ ಬಾಯಲ್ಲಿ, ಹೇಗೆ ಅರಳುವುದೆಂದು ನೋಡಲು ಕುಳಿತಿರುತ್ತಿದ್ದರು.

ಇನ್ನೊಂದು ಕಾರಣವು ಕಥೆಯ ಒಳಗಿನದು. ಇದೇ ಮುಖ್ಯವಾದುದೆಂದು ನನ್ನ ಎಣಿಕೆ. ಮುನಿಸು ಎಂಬುದು ಘಟನೆಯಲ್ಲ. ಅದಕ್ಕೆ ಹೊತ್ತು ಬೇಕು. ಸತ್ಯಭಾಮೆಯು ಮೊದಲು ಸುದ್ದಿಯನ್ನು ನಂಬುವುದಿಲ್ಲ, ಆಮೇಲೆ ನಗುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ, ಕೊನೆಗೆ ಉರಿಯುತ್ತಾಳೆ. ದೂತಿಯು ಅತ್ತಿತ್ತ ಓಡಾಡುತ್ತಾಳೆ. ಭಾಗವತನು ನಡುನಡುವೆ ಪ್ರಶ್ನೆ ಹಾಕಿ ಮಾತನ್ನು ಬೆಳೆಸುತ್ತಾನೆ, ನಗಿಸುತ್ತಾನೆ. ಕೊರವಂಜಿ ಬಂದು ಕಣಿ ಹೇಳುತ್ತಾಳೆ. ಜಗದೊಡೆಯನಾದ ಕೃಷ್ಣನು ಒಬ್ಬ ಹೆಂಗಸಿನ ಎದುರು ನಿಂತು ಮಾತಿಗೆ ಮಾತು ಸೋಲುತ್ತಾನೆ. ಈ ಕಾಯುವಿಕೆಯನ್ನು ನೋಡುವವರೂ ಜತೆಗೇ ಕಾಯಬೇಕು. ಐದು ನಿಮಿಷದಲ್ಲಿ ತಿಳಿಯಾಗುವ ಮುನಿಸಿಗೆ ಬೆಲೆಯೇನು?

ಈ ಮಾತನ್ನು ನಾನು ಪುಸ್ತಕದಿಂದ ಕಲಿತವನಲ್ಲ. ತಪ್ಪು ಮಾಡಿ ಕಲಿತವನು. ಶಿಕ್ಷಕನಾಗಿದ್ದಾಗ ಒಂದು ವರ್ಷ ಶಾಲೆಯ ಸ್ನೇಹಸಮ್ಮೇಳನಕ್ಕೆ ಪಾರಿಜಾತವನ್ನು ಆಡಿಸುವ ಹುಮ್ಮಸ್ಸು ನನಗೆ ಬಂದಿತು. ಆಡಳಿತದವರು ನಲವತ್ತು ನಿಮಿಷ ಕೊಟ್ಟರು. ನಾನು ಕೆಂಪು ಶಾಯಿಯ ಲೇಖನಿಯನ್ನು ಹಿಡಿದುಕೊಂಡು ಕುಳಿತೆನು. ಘಟನೆಗಳೆಲ್ಲ ಉಳಿಯಬೇಕು, ಹಾಡುಗಳು ಕಡಿಮೆಯಾಗಬೇಕು ಎಂಬುದು ನನ್ನ ಸೂತ್ರ. ನಾರದ ಬಂದ, ಹೂ ಕೊಟ್ಟ, ಸತ್ಯಭಾಮೆ ಸಿಟ್ಟಾದಳು, ಕೃಷ್ಣ ಒಲಿಸಿಕೊಂಡ: ಎಲ್ಲವೂ ಅಚ್ಚುಕಟ್ಟಾಗಿ ನಲವತ್ತು ನಿಮಿಷದಲ್ಲಿ ಕುಳಿತವು. ದೂತಿಯಿಂದ ಕಥೆ ಮುಂದೆ ಸಾಗುವುದಿಲ್ಲವೆಂದು ಆ ಪಾತ್ರವನ್ನು ಪೂರ್ತಿ ತೆಗೆದುಹಾಕಿದೆನು. ಆ ಪಾತ್ರಕ್ಕೆಂದು ಎರಡು ತಿಂಗಳು ಹಾಡು ಕಲಿತ ಹುಡುಗನೊಬ್ಬನಿದ್ದನು; ಒಂಬತ್ತನೆಯ ತರಗತಿಯವನು. ಅವನಿಗೆ ಪರದೆ ಎಳೆಯುವ ಕೆಲಸ ಕೊಟ್ಟೆನು. ಅವನು ಮರುಮಾತಾಡದೆ ಎಳೆದನು.

ಆಟವೇನೋ ಮುಗಿಯಿತು, ಚಪ್ಪಾಳೆಯೂ ಬಿದ್ದಿತು. ಆದರೆ ನಮ್ಮ ಸತ್ಯಭಾಮೆಯು ಕಾರಣವಿಲ್ಲದೆ ರೇಗುವ ಜಗಳಗಂಟಿಯಂತೆ ಕಂಡಳು; ಕೃಷ್ಣನು ಅವಸರದಲ್ಲಿ ಬಸ್ಸು ಹಿಡಿಯಲು ಹೊರಟವನಂತೆ ಕಂಡನು. ನೋಡಲು ಕರೆಸಿದ್ದ ಹಳೆಯ ಭಾಗವತರೊಬ್ಬರು ಹೊರಡುವಾಗ, "ಮಾಸ್ತರ್ರ, ಹೂವ ತಂದಿದ್ದು ತೋರಿಸಿದಿರಿ, ಕೊಟ್ಟಿದ್ದು ತೋರಿಸಿದಿರಿ. ಆಕೀಗೆ ಸಿಟ್ಟು ಬರಾಕ ಮಾತ್ರ ಹೊತ್ತು ಕೊಡಲಿಲ್ಲ" ಎಂದರು. ದೂತಿಯು ಓಡಾಡುತ್ತಿದ್ದ ಹೊತ್ತೇ ಸಿಟ್ಟು ಬೆಳೆಯುವ ಹೊತ್ತಾಗಿತ್ತು. ನಲವತ್ತು ನಿಮಿಷವೇ ಇದ್ದರೆ ಇಡೀ ಕಥೆಯನ್ನು ಹಿಂಡಬಾರದಾಗಿತ್ತು. ಸತ್ಯಭಾಮೆಯ ಮನೆಯ ಒಂದೇ ಪ್ರಸಂಗವನ್ನು ಆರಿಸಿಕೊಂಡು, ದೂತಿಯ ಹಾಡುಗಳನ್ನೂ ಉಳಿಸಿಕೊಂಡು, ಅದನ್ನು ನಿಧಾನವಾಗಿ ಆಡಿಸಬೇಕಾಗಿತ್ತು. ಈ ಬುದ್ಧಿ ನನಗೆ ತಡವಾಗಿ ಬಂದಿತು. ಪರದೆ ಎಳೆದ ಹುಡುಗನು ಆಮೇಲೆ ಯಾವ ಆಟಕ್ಕೂ ಹೆಸರು ಕೊಡಲಿಲ್ಲ.

ನಾಚಿಕೆಯ ಸಂಗತಿಯೆಂದರೆ, ಇದೇ ಬುದ್ಧಿಯನ್ನು ಹೇಳಿಕೊಟ್ಟ ಮಹಾಕವಿಯು ನಮ್ಮ ಮುಧೋಳದವನೇ ಆಗಿದ್ದನು. ನಾನು ಅವನ ಕಾವ್ಯವನ್ನು ವರುಷ ವರುಷವೂ ಪಾಠ ಮಾಡುತ್ತಿದ್ದೆನು. ಮಹಾಭಾರತವು ಹದಿನೆಂಟು ಪರ್ವಗಳ ಕಥೆ. ಪಂಪನು ಅದನ್ನು ಹದಿನಾಲ್ಕು ಆಶ್ವಾಸಗಳಿಗೆ ತಂದನು. ರನ್ನನು ಪಂಪನ ಹದಿಮೂರನೆಯ ಆಶ್ವಾಸದ ವಸ್ತುವನ್ನು, ಎಂದರೆ ಭೀಮ-ದುರ್ಯೋಧನರ ಗದಾಯುದ್ಧವನ್ನು, ಮಾತ್ರ ಎತ್ತಿಕೊಂಡು ಹತ್ತು ಆಶ್ವಾಸಗಳಾಗಿ ಹಿಗ್ಗಿಸಿದನು. ಒಂದು ಕಡೆ ಮಿತಿ, ಇನ್ನೊಂದು ಕಡೆ ವಿಸ್ತಾರ. ಬಿಟ್ಟ ಕಥೆಯನ್ನು ಅವನು ಕಳೆದುಕೊಳ್ಳಲಿಲ್ಲ. ನಡೆಯುವ ಸಿಂಹವು ಹಿಂದಿರುಗಿ ನೋಡುವಂತೆ, ಆ ಕೊನೆಯ ದಿನದಲ್ಲಿ ನಿಂತು ಹಳೆಯದೆಲ್ಲವನ್ನೂ ನೆನೆಯಿಸಿದನು. ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನ ಒಂದೊಂದು ಹೆಜ್ಜೆಗೂ ಒಂದೊಂದು ನೆನಪು. ಆ ನಡಿಗೆಯನ್ನು ಸಂಕ್ಷೇಪಿಸಿದ್ದರೆ ಛಲದಂಕಮಲ್ಲನು ನಮ್ಮ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಹುನಗುಂದ ಸೀಮೆಯ ಕಂದಗಲ್ಲಿನ ಹನುಮಂತರಾಯರೂ ತಮ್ಮ 'ರಕ್ತರಾತ್ರಿ' ನಾಟಕಕ್ಕೆ ಅದೇ ಯುದ್ಧದ ಕೊನೆಯ ಭಯಂಕರ ರಾತ್ರಿಯನ್ನು ಆರಿಸಿಕೊಂಡರು.

ಹಾಗೆಂದು ಆಟದ ಉದ್ದವನ್ನು ಯಾವಾಗಲೂ ಕಥೆಯೇ ನಿರ್ಣಯಿಸುವುದಿಲ್ಲ, ಗಲ್ಲೆಯೂ ನಿರ್ಣಯಿಸುತ್ತದೆ. ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಯನ್ನು ನೀವು ನೋಡಿರಬಹುದು. ಬನದ ಹುಣ್ಣಿಮೆಯಿಂದ ಮೊದಲ್ಗೊಂಡು ಸುಮಾರು ಒಂದು ತಿಂಗಳು ಅಲ್ಲಿ ವೃತ್ತಿ ನಾಟಕ ಕಂಪನಿಗಳು ಸಾಲಾಗಿ ತಂಬು ಹೊಡೆಯುತ್ತವೆ. ಜನಸಂದಣಿಯ ದಿನಗಳಲ್ಲಿ ಒಂದೇ ದಿನ ಹಲವು ಪ್ರಯೋಗಗಳಾಗುತ್ತವೆ. ಹೊರಗೆ ಜನ ಟಿಕೇಟಿಗೆ ನಿಂತಿರುವಾಗ ಒಳಗಿನ ನಾಟಕವು ಬೆಳಗಿನವರೆಗೆ ನಡೆಯಲಾದೀತೆ? ಹೀಗಾಗಿ ಮಾತು ಚುರುಕಾಗುತ್ತದೆ, ರಂಗಗೀತೆಗಳು ಕಿರಿದಾಗುತ್ತವೆ. ಆದರೆ ನಗೆಯ ದೃಶ್ಯಗಳು ಮಾತ್ರ ಕಥೆಗೆ ಸಂಬಂಧವಿರಲಿ ಬಿಡಲಿ, ಬೆಳೆಯುತ್ತಲೇ ಹೋಗುತ್ತವೆ. ಸಿಳ್ಳೆ ಬೀಳುವುದು ಅಲ್ಲಿ.

ಯಂತ್ರದ ಆಟಗಳ ಚರಿತ್ರೆಯೂ ಇದೇ ದಾರಿಯದು. 1978ರಲ್ಲಿ ಜಪಾನಿನಲ್ಲಿ 'ಸ್ಪೇಸ್ ಇನ್‌ವೇಡರ್ಸ್' ಎಂಬ ಆಟ ಬಂದಿತು. ಅಂಗಡಿಯಲ್ಲಿಟ್ಟ ಪೆಟ್ಟಿಗೆಗೆ ನಾಣ್ಯ ಹಾಕಿ ಆಡಬೇಕು. ಮೇಲಿನಿಂದ ಶತ್ರುಗಳು ಸಾಲುಸಾಲಾಗಿ ಇಳಿಯುತ್ತಾರೆ. ಕೊಂದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಗೆದ್ದು ಮುಗಿಸುವ ಕೊನೆಯೆಂಬುದೇ ಅದಕ್ಕಿಲ್ಲ, ಎಂದಾದರೂ ಸೋಲಲೇಬೇಕು. ಆಡುವವನು ಬೇಗ ಸೋತಷ್ಟೂ ಇನ್ನೊಂದು ನಾಣ್ಯ. ಅಲ್ಲಿ ಕಥೆ ಬೆಳೆಯಲು ಎಡೆಯೆಲ್ಲಿ? ಆಟಗಳು ಮನೆಗೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಒಂದೇ ಸಲ ದೊಡ್ಡ ಬೆಲೆ ಕೊಟ್ಟು ಕೊಂಡವನು ಬಹುದಿನ ಆಡಬೇಕೆಂದು ಬಯಸುವನು. ಮಾರುವವನೂ ಇಷ್ಟು ತಾಸಿನ ಆಟವೆಂದು ಹೆಮ್ಮೆಯಿಂದ ಸಾರುವನು. ಉದ್ದದಿಂದ ಒಳ್ಳೆಯದೂ ಆಯಿತು. ಊರು, ಕಾಡು, ನೂರಾರು ಜನರ ಬದುಕು ಎಲ್ಲಕ್ಕೂ ಕಥೆಯಲ್ಲಿ ಸ್ಥಳ ದೊರೆಯಿತು. ಆದರೆ ನನ್ನ ಮೊಮ್ಮಗನು ಐವತ್ತು ತಾಸಿನ ಆಟದಲ್ಲಿ ಅದೇ ಬಗೆಯ ಕಳ್ಳರನ್ನು ಹತ್ತಾರು ಸಲ ಹೊಡೆಯುವುದನ್ನು ನೋಡಿದಾಗ ನನಗೆ ಬನಶಂಕರಿಯ ತಂಬುಗಳ ನಗೆಯ ದೃಶ್ಯಗಳು ನೆನಪಾದವು. ಕಾಣೆಯಾದ ಮಗಳನ್ನು ಹುಡುಕುವುದು ಆ ಕಥೆಯ ಎಳೆಯಂತೆ. "ಆ ಮಗಳು ಏನಾದಳು?" ಎಂದು ಕೇಳಿದೆನು. "ಆಕೆಯನ್ನು ಹುಡುಕುವುದು ಮರತೇ ಹೋಗಿತ್ತು, ಅಜ್ಜಾ" ಎಂದನು.

ಬಯಲಾಟಕ್ಕೂ ಈ ಆಟಕ್ಕೂ ಒಂದು ದೊಡ್ಡ ಅಂತರವುಂಟೆಂಬುದನ್ನು ನಾನು ಒಪ್ಪಬೇಕು. ಇಲ್ಲಿ ನೋಡುವವನೇ ಆಡುವವನು. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದಲ್ಲಿ ಮೂವತ್ತೆರಡು ಘಟ್ಟಗಳಿವೆ. ಹೊಸಬನಾದ ಹುಡುಗನು ವಾರಗಟ್ಟಲೆ ಎಡವುತ್ತಾನೆ. ಒಳದಾರಿಗಳನ್ನು ಬಲ್ಲ ನಿಪುಣರು ನಡುವಿನ ಅನೇಕ ಘಟ್ಟಗಳನ್ನು ಹಾರಿ, ಐದು ನಿಮಿಷದೊಳಗೆ ಮುಗಿಸಿದ ಉದಾಹರಣೆಗಳಿವೆ. ಆಟದ ಉದ್ದ ಯಾವುದು? ಎಡವಿದವನ ವಾರಗಳೂ ಆಟವೇ. ಅವನು ಕೊನೆಗೆ ಕೋಟೆಯನ್ನು ಸೇರಿದಾಗ ಪಡುವ ಹಿಗ್ಗನ್ನು ಐದು ನಿಮಿಷದವನು ಅರಿಯಲಾರನು. ಐದು ನಿಮಿಷದವನ ಹಿಗ್ಗು ಬೇರೆ.

ಎರಡೇ ತಾಸಿಗೆ ಮುಗಿಯಿತೆಂದು ಅವನು ಬೇಸರಪಟ್ಟ ಆಟವನ್ನು ನಾನು ಇನ್ನೊಮ್ಮೆ ಆಡಿಸಿ ನೋಡಿದೆನು. 2012ರಲ್ಲಿ ಬಂದ 'ಜರ್ನಿ' ಎಂಬುದು ಅದರ ಹೆಸರು. ಮರಳುಗಾಡಿನಲ್ಲಿ ಒಂದು ಆಕೃತಿಯು ದೂರದ ಬೆಟ್ಟದತ್ತ ನಡೆಯುತ್ತದೆ. ಇಡೀ ಆಟದಲ್ಲಿ ಒಂದು ಮಾತೂ ಇಲ್ಲ. ದಾರಿಯಲ್ಲಿ ಇನ್ನಾವುದೋ ಊರಿನಲ್ಲಿ ಕುಳಿತು ಆಡುತ್ತಿರುವ ಅಪರಿಚಿತನೊಬ್ಬನು ಜತೆಯಾಗುವುದುಂಟು. ಅವನ ಹೆಸರು ಆಟ ಮುಗಿಯುವವರೆಗೂ ತಿಳಿಯುವುದಿಲ್ಲ. ಹಿಮದಲ್ಲಿ ಆ ಆಕೃತಿಯ ಹೆಜ್ಜೆ ಕುಸಿಯುವಾಗ ಮೊಮ್ಮಗನು ಉಸಿರು ಬಿಗಿಹಿಡಿದುದನ್ನು ನಾನು ಕಂಡೆನು. ಅದು ಹತ್ತು ತಾಸು ನಡೆದಿದ್ದರೆ ಆ ಮೌನವೇ ಬೇಸರವಾಗುತ್ತಿತ್ತು. ಪುಣೆಯವರು 2020ರಲ್ಲಿ ಹೊರತಂದ 'ರಾಜಿ' ಎಂಬ ಆಟವನ್ನೂ ಅವನು ತೋರಿಸಿದನು. ಅಸುರರು ಒಯ್ದ ತಮ್ಮನನ್ನು ಅಕ್ಕನೊಬ್ಬಳು ಹುಡುಕುವ ಕಥೆ. ಐದಾರು ತಾಸಿನದು. ಅದರ ಕೊನೆ ಮಾತ್ರ ಥಟ್ಟನೆ ಕಡಿದಂತೆ ತೋರಿತು. ನಲವತ್ತು ನಿಮಿಷದ ನನ್ನ ಪಾರಿಜಾತದ ನೆನಪಾಯಿತು.

ಈಗ ಬಯಲಾಟಗಳ ಅಳತೆಯೂ ಕುಗ್ಗಿದೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವುದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಕಟ್ಟು ಹಾಕಿವೆ. ಮರುದಿನದ ಕೆಲಸಕ್ಕೆ ಹೋಗಬೇಕಾದವರು ರಾತ್ರಿಯೆಲ್ಲ ಕೂಡಲಾರರು. ಕರಾವಳಿಯ ಯಕ್ಷಗಾನದಲ್ಲಿ 'ಕಾಲಮಿತಿ' ಎಂಬ ಮಾತೇ ಬಳಕೆಗೆ ಬಂದಿದೆ. ಇದನ್ನು ಶಪಿಸುತ್ತ ಕೂಡುವುದು ನನಗೆ ಸರಿದೋರದು. ಆರಿಸಿ ಆಡಿದರೆ ಕಾಲಮಿತಿಯಲ್ಲೂ ರಸ ಕೆಡದು. ಆದರೆ ಆರಿಸುವ ಕೈ ನನ್ನ ಕೆಂಪು ಶಾಯಿಯ ಕೈಯಾಗಬಾರದು.

ಕಳೆದ ಬೇಸಿಗೆಯಲ್ಲಿ ಮುಧೋಳದ ಕಡೆಯ ಹಳ್ಳಿಯೊಂದರಲ್ಲಿ, ಧ್ವನಿವರ್ಧಕವಿಲ್ಲದೆ, ಹಳೆಯ ರೀತಿಯಲ್ಲಿ ಪಾರಿಜಾತವಿದೆಯೆಂದು ಕೇಳಿ ಮೊಮ್ಮಗನನ್ನು ಕರೆದೊಯ್ದೆನು. ಹನ್ನೆರಡರವರೆಗೆ ಕಣ್ಣು ಬಿಟ್ಟುಕೊಂಡಿದ್ದು ಆಮೇಲೆ ನನ್ನ ತೊಡೆಯ ಮೇಲೆ ಮಲಗಿದನು. ನಾಲ್ಕರ ಸುಮಾರಿಗೆ ಹಾರ್ಮೋನಿಯಂ ಏರಿದಾಗ ಎದ್ದು, ಕಣ್ಣುಜ್ಜಿಕೊಳ್ಳುತ್ತ, "ಇನ್ನೂ ಸಿಟ್ಟು ಇಳಿದಿಲ್ಲೇನು ಆಕೀದು?" ಎಂದನು. "ಇನ್ನೂ ಇಲ್ಲ, ತಮ್ಮಾ" ಎಂದೆನು. ಆಮೇಲೆ ಅವನು ಮಲಗಲಿಲ್ಲ. ಬೆಳಗಿನ ಬಸ್ಸಿನಲ್ಲಿ, ತಾನು ಮಲಗಿದ್ದಾಗ ಕೊರವಂಜಿ ಬಂದು ಏನು ಕಣಿ ಹೇಳಿದಳೆಂದು ಕೇಳಿದನು. ಮುಧೋಳ ಬಿಟ್ಟಾಗ ಹೇಳತೊಡಗಿದ್ದು, ಬಾಗಲಕೋಟೆಯ ನಿಲ್ದಾಣ ಬಂದರೂ ಮುಗಿದಿರಲಿಲ್ಲ.