ಬಿ.ಎ. ಶುಲ್ಕ ಮತ್ತು ನಿಮ್ಮ ಶಾಸಕರು: ಮಾಡಬೇಕಾದ್ದು, ಮಾಡಬಾರದ್ದು

ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಕ್ಷೇತ್ರಗಳಲ್ಲಿ ಬಿ.ಎ. ಓದುತ್ತಿರುವವರಿಗೆ, ಮಕ್ಕಳನ್ನು ಓದಿಸುತ್ತಿರುವವರಿಗೆ.

ಮಾಡಬಾರದ್ದು

"ನಮ್ಮ ಶಾಸಕರು ಶುಲ್ಕ ಏರಿಕೆಗೆ ಮತ ಹಾಕಿದರು" ಎಂದು ವಾಟ್ಸಾಪ್‌ನಲ್ಲಿ ಹರಿಬಿಡಬೇಡಿ. "ವಿರೋಧಿಸಿದರು" ಎಂದು ಹೊಗಳಲೂ ಬೇಡಿ. ವಿಧಾನಸಭೆಯಲ್ಲಿ ಬಹುತೇಕ ವಿಧೇಯಕಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಸಭಾಧ್ಯಕ್ಷರು ಕೇಳುತ್ತಾರೆ, ಸದಸ್ಯರು ಕುಳಿತಲ್ಲಿಂದಲೇ ಹೌದು, ಇಲ್ಲ ಅನ್ನುತ್ತಾರೆ, ಯಾವ ಕಡೆ ದನಿ ಹೆಚ್ಚೋ ಅದು ಗೆದ್ದಂತೆ. ಯಾರು ಏನೆಂದರು ಎಂಬುದು ಹೆಸರು ಹಿಡಿದು ದಾಖಲಾಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2020ರ ಅಕ್ಟೋಬರ್‌ನಲ್ಲಿ ಇತಿಹಾಸ, ರಾಜ್ಯಶಾಸ್ತ್ರದಂಥ ಪದವಿಗಳ ಶುಲ್ಕವನ್ನು ಶೇ 113ರಷ್ಟು ಏರಿಸುವ ಮಸೂದೆ ಸೆನೆಟ್‌ನಲ್ಲಿ 28–26ರಿಂದ ಪಾಸಾಯಿತು. ಯಾರು ಯಾವ ಕಡೆ ನಿಂತರೆಂದು ಅಲ್ಲಿನವರು ಹೆಸರು ಸಮೇತ ಓದಬಲ್ಲರು. ನಮಗೂ ಅದು ಸಿಗಬೇಕು.

"ಬಿ.ಎ. ಓದಿ ಏನ್ ಮಾಡ್ತಿ" ಎನ್ನುವ ಮಾತಿಗೆ ತಲೆಯಾಡಿಸಬೇಡಿ. ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳನ್ನು ಓದಿ ಹೇಳಲು ಇತಿಹಾಸ ಕಲಿತವರೇ ಬೇಕು.

ಕೌಂಟರಿನ ಗುಮಾಸ್ತರ ಮೇಲೆ ಕೂಗಾಡಬೇಡಿ. ಶುಲ್ಕ ನಿಗದಿ ಮಾಡಿದವರು ಅವರಲ್ಲ.

ಮಾಡಬೇಕಾದ್ದು

ಶುಲ್ಕದ ರಸೀದಿ ಜೋಪಾನ ಮಾಡಿ. ಬೋಧನೆ, ಗ್ರಂಥಾಲಯ, ಕ್ರೀಡೆ, ಪರೀಕ್ಷೆ ಎಂದು ಸಾಲುಸಾಲಾಗಿ ನೋಡಿ, ಹೋದ ವರ್ಷದ್ದರ ಪಕ್ಕ ಇಡಿ. ಏರಿಕೆ ಸಾಮಾನ್ಯವಾಗಿ ಬರುವುದು ಸದನದ ಮತದಿಂದಲ್ಲ, ಸರ್ಕಾರಿ ಆದೇಶದಿಂದ ಇಲ್ಲವೇ ವಿಶ್ವವಿದ್ಯಾಲಯದ ಸುತ್ತೋಲೆಯಿಂದ. ಯಾವ ಸಾಲು ಏರಿದೆಯೋ ಅದರ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ: ಶುಲ್ಕ 10 ರೂಪಾಯಿ, ಅರ್ಜಿಗೊಂದೇ ವಿಷಯ, 150 ಪದಗಳೊಳಗೆ, ಉತ್ತರಕ್ಕೆ 30 ದಿನ.

ವಿಧಾನಸಭೆಯ ಜಾಲತಾಣದಲ್ಲಿ ಉನ್ನತ ಶಿಕ್ಷಣದ ಬಗ್ಗೆ ನಿಮ್ಮ ಶಾಸಕರು ಕೇಳಿದ ಚುಕ್ಕೆ ಗುರುತಿನ, ಗುರುತಿಲ್ಲದ ಪ್ರಶ್ನೆಗಳನ್ನು ಹುಡುಕಿ. ಅವರ ನಿಜವಾದ ದಾಖಲೆ ಅಲ್ಲಿದೆ. ಮಂತ್ರಿಯಾಗಿದ್ದವರನ್ನು ಪ್ರಶ್ನೆಗಳಿಂದ ಅಳೆಯಲಾಗದು. ಯಲಬುರ್ಗಾದ ಬಸವರಾಜ ರಾಯರೆಡ್ಡಿಯವರು 2016ರಿಂದ 2018ರವರೆಗೆ ಉನ್ನತ ಶಿಕ್ಷಣ ಸಚಿವರು, ಆ ಅವಧಿಗೆ ಇಲಾಖೆಯ ಆದೇಶಗಳನ್ನೇ ಓದಿ.

ಶಾಸಕರನ್ನು ಕೊಪ್ಪಳ ವಿಶ್ವವಿದ್ಯಾಲಯದ ವಿಷಯ ಮೊದಲು ಕೇಳಿ. 2022–23ರ ಬಜೆಟ್‌ನಲ್ಲಿ ಘೋಷಣೆಯಾದ ಇದನ್ನೂ ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಶಿಫಾರಸು ಮಾಡಿತು. ಮುಚ್ಚಿದರೆ ಅಂಕಪಟ್ಟಿಯ ತಿದ್ದುಪಡಿಗೂ ಮೊದಲಿನಂತೆ ಮತ್ತೆ ಬಳ್ಳಾರಿಯ ವಿಶ್ವವಿದ್ಯಾಲಯದ ದಾರಿಯೇ. ಆ ಬಸ್ ಚಾರ್ಜು, ಒಂದು ದಿನದ ಕೂಲಿ ಯಾವ ರಸೀದಿಯಲ್ಲೂ ಕಾಣುವುದಿಲ್ಲ, ಆದರೂ ಅದು ಪದವಿಯ ಖರ್ಚೇ.

ಪದವಿ ಪಡೆದು ಮೂರು ವರ್ಷವಾದವರು ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರದ ಮತದಾರರ ಪಟ್ಟಿಗೆ ಸೇರಲು ನಮೂನೆ 18 ತುಂಬಿ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಹಳೆಯ ಹೆಸರನ್ನು ನಂಬಿ ಕೂರಬೇಡಿ.

ಶಾಸಕರು ಊರಿಗೆ ಬಂದಾಗ ಲಿಖಿತ ಪ್ರಶ್ನೆ ಕೊಡಿ, ಸ್ವೀಕೃತಿ ಪಡೆಯಿರಿ. "ಸದನದಲ್ಲಿ ಮಾತಾಡೀನಿ" ಎಂದರೆ ಯಾವ ಅಧಿವೇಶನ, ಯಾವ ದಿನಾಂಕ ಎಂದು ಅಲ್ಲೇ ಬರೆಸಿಕೊಳ್ಳಿ.