ಈಥರ್‌ನೆಟ್ಟಿನಲ್ಲಿ ಸಂಕೇತವಿಳಂಬ: ದೋಷಶೋಧನೆಯ ಕ್ರಮ

ತರಗತಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ಒಮ್ಮೆಲೇ ಪದ್ಯ ಹೇಳತೊಡಗಿದರೆ ಇಬ್ಬರ ಮಾತೂ ತಿಳಿಯದು. ವಿವೇಕಿಗಳು ಕೂಡಲೇ ನಿಲ್ಲಿಸಿ, ತುಸು ತಡೆದು, ಮತ್ತೆ ಆರಂಭಿಸುವರು. 1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ಕಲ್ಪಿಸಿ, ಡೇವಿಡ್ ಬಾಗ್ಸ್ ಅವರೊಡನೆ ನಿರ್ಮಿಸಿದ ಈಥರ್‌ನೆಟ್ ಎಂಬ ಗಣಕಜಾಲವು ಈ ನಡೆಯನ್ನೇ ಅವಲಂಬಿಸಿತ್ತು. ಗಣಕಗಳೆಲ್ಲವೂ ಒಂದೇ ಕೇಬಲಿಗೆ ಸೇರಿದ್ದವು. ಪ್ರತಿಯೊಂದೂ ಮೊದಲು ಆಲಿಸಿ, ಮೌನವಿದ್ದರೆ ಮಾತ್ರ ಸಂದೇಶ ಕಳುಹಿಸುತ್ತಿತ್ತು. ಘರ್ಷಣೆಯಾದರೆ ಹಿಂದೆಗೆದು ಮರಳಿ ಯತ್ನಿಸುತ್ತಿತ್ತು.

ಇಲ್ಲೊಂದು ಸೂಕ್ಷ್ಮವುಂಟು. ದಪ್ಪ ಕೇಬಲಿನಲ್ಲಿ ಸಂಕೇತದ ವೇಗವು ಬೆಳಕಿನ ವೇಗದ ಸುಮಾರು ನೂರಕ್ಕೆ 77ರಷ್ಟು. ಅದೆಷ್ಟು ಶೀಘ್ರವಾದರೂ ಕಾಲವನ್ನು ಬೇಡುತ್ತದೆ. ಘರ್ಷಣೆಯ ವಾರ್ತೆ ಹಿಂದಿರುಗುವವರೆಗೂ ಕಳುಹಿಸುವ ಗಣಕದ ಮಾತು ಮುಗಿದಿರಬಾರದು. ಆದುದರಿಂದಲೇ ಸೆಕೆಂಡಿಗೆ ಒಂದು ಕೋಟಿ ಬಿಟ್ ಸಾಗಿಸುವ ಈಥರ್‌ನೆಟ್ಟಿನಲ್ಲಿ ಪ್ರತಿ ಸಂದೇಶವೂ ಕನಿಷ್ಠ 512 ಬಿಟ್, ಎಂದರೆ 51.2 ಮೈಕ್ರೊಸೆಕೆಂಡಿನಷ್ಟು ದೀರ್ಘವಾಗಿರಬೇಕೆಂದು ವಿಧಿಸಲಾಯಿತು. ಕೇಬಲಿನ ಒಂದು ಖಂಡ 500 ಮೀಟರನ್ನೂ, ಎರಡು ಗಣಕಗಳ ನಡುವಣ ರಿಪೀಟರುಗಳು ನಾಲ್ಕನ್ನೂ ಮೀರಬಾರದೆಂಬ ಕಟ್ಟಳೆಯೂ ಈ ಲೆಕ್ಕಕ್ಕೆ ಹೊಂದಿಕೊಂಡದ್ದು.

ಮಿತಿ ಮೀರಿದ ಜಾಲವು ಒಮ್ಮೆಗೇ ಕೆಟ್ಟು ನಿಲ್ಲದು. ಇದೇ ಅದರ ಅಪಾಯ. 512 ಬಿಟ್ ಹೊರಟುಹೋದ ಬಳಿಕ ತಿಳಿದುಬರುವುದು 'ತಡವಾದ ಘರ್ಷಣೆ'. ಅಂತಹ ಸಂದೇಶವನ್ನು ಯಂತ್ರವು ತಾನಾಗಿ ಮರಳಿ ಕಳುಹಿಸದು. ಸಂದೇಶ ಚಿಕ್ಕದಾದರೆ ಅದು ನಷ್ಟವಾದುದೇ ಕಳುಹಿಸಿದ ಯಂತ್ರಕ್ಕೆ ತಿಳಿಯದು. ತಂತ್ರಾಂಶವು ಉತ್ತರಕ್ಕಾಗಿ ಕಾದು ಮತ್ತೆ ಕಳುಹಿಸಬೇಕಾಗುತ್ತದೆ. ಬಳಸುವವನಾದರೋ ನಿರಪರಾಧಿಯಾದ ಗಣಕವನ್ನೇ 'ನಿಧಾನ'ವೆಂದು ದೂರುತ್ತಾನೆ.

ದೋಷವನ್ನು ಅರಸುವವನು ಈ ಕ್ರಮವನ್ನು ಅನುಸರಿಸಬೇಕು. ಮೊದಲನೆಯದಾಗಿ, ತಡವಾದ ಘರ್ಷಣೆಗಳು ಎಣಿಕೆಯಲ್ಲಿ ಕಾಣುತ್ತಿವೆಯೇ ಎಂದು ನೋಡುವುದು. ಎರಡನೆಯದಾಗಿ, ಕೇಬಲನ್ನು ಅಳೆದು, ರಿಪೀಟರುಗಳನ್ನು ಎಣಿಸುವುದು. ಮೂರನೆಯದಾಗಿ, ಕೇಬಲಿನ ಎರಡು ತುದಿಗಳಲ್ಲಿಯೂ 50 ಓಮಿನ ಟರ್ಮಿನೇಟರ್ ಇದೆಯೇ ಎಂದು ಪರೀಕ್ಷಿಸುವುದು. ಅದಿಲ್ಲವಾದರೆ ಸಂಕೇತವು ತುದಿಗೆ ಬಡಿದು ಪ್ರತಿಧ್ವನಿಯಂತೆ ಮರಳುತ್ತದೆ. ನಾಲ್ಕನೆಯದಾಗಿ, ಆ ಪ್ರತಿಧ್ವನಿಯನ್ನೇ ಸಾಧನವಾಗಿಸಿಕೊಳ್ಳುವುದು. ಕೇಬಲಿನ ಒಂದು ತುದಿಯಿಂದ ಕಳುಹಿಸಿದ ಮಿಡಿತವು 2.6 ಮೈಕ್ರೊಸೆಕೆಂಡಿನಲ್ಲಿ ಮರಳಿದರೆ, ಹೋಗಿ ಬಂದ ದಾರಿ ಸುಮಾರು 600 ಮೀಟರು. ದೋಷವಿರುವುದು 300 ಮೀಟರಿನಲ್ಲಿ. ಇಷ್ಟಾದರೂ ದೋಷ ಸಿಗದಿದ್ದರೆ, ಆಲಿಸದೆಯೇ ಮಾತನಾಡುವ ಕೆಟ್ಟ ಟ್ರಾನ್ಸೀವರನ್ನು, ಒಂದೊಂದನ್ನೇ ಬೇರ್ಪಡಿಸಿ ಹುಡುಕಬೇಕು.

ಇಂದಿನ ಜಾಲಗಳಲ್ಲಿ ಸ್ವಿಚ್ಚುಗಳು ಬಂದು, ಪ್ರತಿ ಗಣಕಕ್ಕೂ ಪ್ರತ್ಯೇಕವಾದ ದಾರಿ ದೊರೆತು, ಈ ಘರ್ಷಣೆ ಬಹುಮಟ್ಟಿಗೆ ಅಳಿದಿದೆ. ಆದರೆ ಪಾಠ ಹಳತಾಗಿಲ್ಲ. ದೂರುವ ಮುನ್ನ ಅಳೆಯಬೇಕು. ಮಾತು ಮುಗಿಸುವ ಮುನ್ನ, ಅದು ತಲುಪಿತೇ ಎಂದು ಆಲಿಸಬೇಕು. ವಿದ್ಯಾರ್ಥಿಗಳು ಇದನ್ನು ಮನಗಾಣಲಿ.